ಸೋಡಾ ಶರೀಫಸಾಬನ ಕೈಗುಣ

ಹುಣಸಗಿ ಆಗಿನ್ನೂ ತಾಲೂಕಾಗಿರಲಿಲ್ಲ, ಸುರಪುರದ ಕೈಕೆಳಗಿತ್ತು. ಬಸ್ ಸ್ಟ್ಯಾಂಡಿನ ಎದುರಿಗೆ ಶರೀಫಸಾಬನ ಗೋಲಿ ಸೋಡಾ ಅಂಗಡಿ. ಶಹಾಪುರದಲ್ಲಿ ಅಪ್ಪನಿಂದ ಕಲಿತ ಕಸುಬು. ಮಷಿನ್ನಿನ ಹಿಡಿಕೆ ತಿರುಗಿಸಿ ತಿರುಗಿಸಿ ಅವನ ಬಲಗೈ ಎಡಗೈಗಿಂತ ದಪ್ಪಗಿತ್ತು. ಸೋಡಾ ಯಾರು ಬೇಕಾದರೂ ಮಾಡಿಯಾರು. ಆದರೆ ಶರೀಫಸಾಬ ಅದಕ್ಕೆ ಬೆರೆಸುತ್ತಿದ್ದ ರಸಗಳಿದ್ದವಲ್ಲ, ಸುಟ್ಟ ಮಾವಿನಕಾಯಿ, ಪುದೀನಾ, ಹುರಿದ ಜೀರಿಗೆ, ನನ್ನಾರಿ ಬೇರಿನ ಶರಬತ್ತು, ಅವುಗಳ ಹದ ಅವನೊಬ್ಬನಿಗೇ ಗೊತ್ತಿತ್ತು. ಯಾದಗಿರಿಗೆ ಹೊರಟವರು ಒಂದು ಬಸ್ಸು ಬಿಟ್ಟಾದರೂ ಅವನ ಸೋಡಾ ಕುಡಿದು ಹೋಗುತ್ತಿದ್ದರು. ಅವನಿಗೆ ರೊಕ್ಕದ ಆಸೆ ಅಷ್ಟಿರಲಿಲ್ಲ. ಹೊಗಳಿಕೆಯ ಆಸೆ ಮಾತ್ರ ಹೊಟ್ಟೆ ತುಂಬ ಇತ್ತು. ಕುಡಿದವನು ಬಾಯಿ ಚಪ್ಪರಿಸಿ 'ಕೈಗುಣ ಅಂದ್ರ ಇದು' ಅನ್ನಬೇಕು, ಅದನ್ನು ಪಕ್ಕದಲ್ಲಿದ್ದವನು ಕೇಳಬೇಕು. ಅಷ್ಟಾದರೆ ಅವತ್ತಿನ ಊಟ ಅವನಿಗೆ ರುಚಿಸುತ್ತಿತ್ತು.

ಕಾಲುವೆ ಬಂತು, ಜೊತೆಗೆ ಕಾಲುವೆಯ ಜನವೂ ಬಂದರು. ಇಂಜಿನಿಯರುಗಳು, ಗುತ್ತೇದಾರರು, ಲೆವೆಲ್ಲು ಹಿಡಿಯುವವರು, ಕಲ್ಲು ಹೊರುವವರು. ಕಲ್ಲು ಹೊರುವವರು ಸಾಯಂಕಾಲ ಸಾರಾಯಿ ಅಂಗಡಿಗೆ ಹೋಗುತ್ತಿದ್ದರು, ಅದರಲ್ಲಿ ಗುಟ್ಟೇನಿಲ್ಲ. ಸಾಹೇಬರು ಎಲ್ಲಿಗೆ ಹೋಗಬೇಕು? ಹಗಲೆಲ್ಲ ಬೈದ ಕೂಲಿಯವನ ಪಕ್ಕದಲ್ಲೇ ಕೂತು ಕುಡಿದರೆ ಮರುದಿನ ಅವನು ಮಾತು ಕೇಳುತ್ತಾನೆಯೇ? ಕಾಲನಿಯ ಮನೆಗಳಲ್ಲಿ ಹೆಂಡತಿಯರಿದ್ದರು. ಈ ಕಷ್ಟಕ್ಕೆ ದಾರಿ ಹುಡುಕಿದವನು ಗುತ್ತೇದಾರ ಬಸವಂತ್ರಾಯ. ಶರೀಫಸಾಬನ ಅಂಗಡಿಯ ಹಿಂದಿನ ಕೋಣೆಗೆ ನಾಲ್ಕು ಬೆತ್ತದ ಕುರ್ಚಿ, ಒಂದು ಫ್ಯಾನು ತಂದು ಹಾಕಿಸಿದ. ಕೋಣೆಯ ಬಾಗಿಲಿಗೆ ಖಾಲಿ ಸೋಡಾ ಪೆಟ್ಟಿಗೆಗಳನ್ನು ಮೊಳೆ ಹೊಡೆದು ಕೂಡಿಸಿದ. ಹೊರಗಿನಿಂದ ನೋಡಿದರೆ ಪೆಟ್ಟಿಗೆಯ ಗುಡ್ಡೆ, ತಳ್ಳಿದರೆ ಬಾಗಿಲು. ಒಳಗೆ ಹೋಗಬೇಕಾದವರು 'ಬರ್ಫ ಅದ ಏನು?' ಎಂದು ಐಸು ಕೇಳಬೇಕು. ಮಾಗಿಯ ಚಳಿಯಲ್ಲಿ ಕಂಬಳಿ ಹೊದ್ದು ಬಂದ ಓವರ್‌ಸಿಯರ್ ಬರ್ಫ ಕೇಳಿದಾಗ ಬಸ್ ಸ್ಟ್ಯಾಂಡಿನಲ್ಲಿ ಕಡಲೆ ಮಾರುವವಳೂ ಮುಸಿಮುಸಿ ನಗುತ್ತಿದ್ದಳು. ಗುಟ್ಟು ಊರಿಗೆಲ್ಲ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡವರು ಒಳಗೆ ಕೂತವರು ಮಾತ್ರ.

ಶರೀಫಸಾಬ ಐದು ಹೊತ್ತು ನಮಾಜು ಮಾಡುವವನು. ಅವನು ಒಂದು ಕರಾರು ಹಾಕಿದ. ಬಾಟಲಿ ಅವರದು, ಸುರಿದುಕೊಳ್ಳುವುದು ಅವರು, ತಾನು ಅದನ್ನು ಬೆರಳಲ್ಲೂ ಮುಟ್ಟುವುದಿಲ್ಲ. ತನ್ನ ಕೆಲಸ ಬೆರಕೆಯ ಜಗ್ಗು ತಂದಿಡುವುದಷ್ಟೇ. ಹೊಸ ಬಾಟಲಿ ಬಂದಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ಮುಚ್ಚಳ ತಗೀರಿ, ಮೂಗಿನ ಹತ್ರ ಹಿಡೀರಿ” ಅನ್ನುತ್ತಿದ್ದ. ಮೂಸಿ ನೋಡಿ, ಕಣ್ಣು ಮುಚ್ಚಿ, ರಮ್ಮಿಗೆ ಹುಣಸೆ ರಸ, ವಿಸ್ಕಿಗೆ ಪುದೀನಾ ಎಂದು ತೀರ್ಪು ಕೊಡುತ್ತಿದ್ದ. ಜನ್ಮದಲ್ಲಿ ಒಂದು ಹನಿ ಕುಡಿಯದವನ ತೀರ್ಪು ಒಮ್ಮೆಯೂ ತಪ್ಪಲಿಲ್ಲ. ಬೊಂಬಾಯಿ ಕಂಡು ಬಂದ ಇಂಜಿನಿಯರೊಬ್ಬ ಅಲ್ಲಿಯೂ ಇಂಥದ್ದು ಸಿಗುವುದಿಲ್ಲ ಎಂದಾಗ ವಾರದ ತನಕ ಶರೀಫಸಾಬನ ಕಾಲು ನೆಲದ ಮೇಲಿರಲಿಲ್ಲ.

ಹೆಂಡತಿ ಮದೀನಾಬೀ ಮಾತ್ರ ಮರುಳಾಗಲಿಲ್ಲ. “ಕೈಯೇನೋ ಹಿಂದೆ ಕಟ್ಟಿಕೊಂಡೆ, ಮೂಗನ್ನು ಎಲ್ಲಿ ಬಚ್ಚಿಡುತ್ತೀ?” ಎಂದು ದಖನಿ ಉರ್ದುವಿನಲ್ಲಿ ಕೇಳಿದಳು. ಅವನು ಕೇಳಿಸದವನಂತೆ ಹೊರಗೆ ಹೋದ.

ಮರಿಲಿಂಗಪ್ಪ ಕೊಂಕಲ್ಲಿನವನು, ಕಾಲುವೆಯ ವರ್ಕ್ ಇನ್ಸ್‌ಪೆಕ್ಟರ್. ಮದುವೆಯಾಗಿ ವರ್ಷವಾಗಿತ್ತು. ದಿನವಿಡೀ ಕಾಲುವೆ ದಂಡೆಯಲ್ಲಿ ನಡೆದು, ಸಾಯಂಕಾಲ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಒಂದು ನಿಂಬೆ ಸೋಡಾ ಕುಡಿದು ಮನೆಗೆ ಹೋಗುತ್ತಿದ್ದ. ಹೊಗಳಿದರೆ ಮನಸಾರೆ ಹೊಗಳುವವನು. ಅದಕ್ಕೇ ಶರೀಫಸಾಬನಿಗೆ ಅವನೆಂದರೆ ಪ್ರೀತಿ. ಬ್ರಾಂಡಿಯ ವಾಸನೆಗೇ ಮರಿಲಿಂಗಪ್ಪನಿಗೆ ಓಕರಿಕೆ ಬರುತ್ತಿತ್ತು. ಒಮ್ಮೆ ಬಸವಂತ್ರಾಯ ಒಳಗೆ ಕರೆದುಕೊಂಡು ಹೋಗಿ ಕುಡಿಸಲು ನೋಡಿದರೆ ಬಾಯಲ್ಲಿದ್ದುದನ್ನು ಉಗುಳಿಬಿಟ್ಟ.

“ನಿನ್ನ ಕೈಗುಣ ಕೈಗುಣ ಅಂತೀ ಶರೀಫಸಾಬ,” ಎಂದ ಬಸವಂತ್ರಾಯ. “ಈ ಮನಷ್ಯಾ ಒಂದ್ ಗ್ಲಾಸ ಖಾಲಿ ಮಾಡೂಹಂಗ ಮಾಡು, ಆಗ ಒಪ್ತೀನಿ.”

ಶರೀಫಸಾಬ ಅಲ್ಲಿ ಸುಮ್ಮನಿರಬೇಕಿತ್ತು. ಸುಮ್ಮನಿರಲಿಲ್ಲ. ಬ್ರಾಂಡಿಯನ್ನು ಮೂರು ಸಲ ಮೂಸಿದ, ಅಂಗಡಿಗೆ ಹೋಗಿ ಬಂದ. ನನ್ನಾರಿ, ಚಿಟಿಕೆ ಕರಿ ಉಪ್ಪು, ಸುಟ್ಟ ನಿಂಬೆ, ಮತ್ತೂ ಒಂದೆರಡು. ಮರಿಲಿಂಗಪ್ಪ ಮೂಗು ಹಿಡಿದು ಗುಟುಕರಿಸಿದ. ಮೂಗು ಬಿಟ್ಟ. “ಏ, ಇದರಾಗ ಕಹಿನೇ ಇಲ್ಲಲ್ರಿ!” ಎಂದು ಗ್ಲಾಸು ಖಾಲಿ ಮಾಡಿ, ಇನ್ನೊಂದು ಕೇಳಿದ. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಅವತ್ತು ಶರೀಫಸಾಬನಿಗೆ ಆದ ಸಂತೋಷ ಅವನ ಮದುವೆಯ ದಿನವೂ ಆಗಿರಲಿಲ್ಲ.

ಅಲ್ಲಿಂದ ಎಂಟು ತಿಂಗಳು ಮರಿಲಿಂಗಪ್ಪ ಬೆಂಚಿನ ಮೇಲೆ ಕೂರಲಿಲ್ಲ, ನೇರ ಒಳಗೇ ಹೋಗುತ್ತಿದ್ದ. ಒಂದು ಗ್ಲಾಸು ಎರಡಾಯಿತು, ಎರಡು ಐದಾಯಿತು. ಶರೀಫಸಾಬನ ಲೆಕ್ಕದಲ್ಲಿ ಅದೂ ಹೊಗಳಿಕೆಯೇ.

ಒಂದು ಸೋಮವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಒಬ್ಬ ಹೆಣ್ಣುಮಗಳು ಬಂದು ನಿಂತಳು. ತುಂಬಿದ ಬಸುರಿ.

“ಕಾಕಾ, ನಾ ಇನ್ಸ್‌ಪೆಕ್ಟರ್ ಮನಿಯಾಕಿ, ಬಾಲಮ್ಮ.”

ಶರೀಫಸಾಬ ಬೈಗುಳಕ್ಕೆ ತಲೆ ತಗ್ಗಿಸಿ ನಿಂತ.

“ಜಗಳಕ್ಕ ಬಂದಿಲ್ರಿ. ಅವ್ರಿಗೆ ಏನೇನ್ ಬೆರೆಸಿ ಕೊಡ್ತೀರಿ, ನನಗೂ ಹೇಳಿಕೊಡ್ರಿ.”

“ಯಾತಕ್ಕ ಯವ್ವಾ?”

“ಶುಕ್ರವಾರ ನಿಮ್ಮ ಅಂಗಡಿ ಮುಚ್ಚಿರ್ತದಲ್ರಿ, ಅವತ್ತ ಮನ್ಯಾಗ ಕುಡೀತಾರ. ಬರೇ ನೀರ ಹಾಕ್ಕೊಂಡು. ಒಂದ ಗ್ಲಾಸಿಗಿ ಮಾರಿ ಕಿವುಚಿ ಇಟ್ಟಬಿಡ್ತಾರ. ನಿಮ್ಮಲ್ಲಿ ಬಂದ್ರ ಐದ್ ಐದು ಇಳಿಸಿ, ಕಾಲುವಿ ದಂಡಿ ಮ್ಯಾಲ ಜೋಲಿ ಹೊಡಕೋತ ಬರ್ತಾರ. ಎಂದರ ಒಂದಿನ ನೀರಾಗ ಬಿದ್ರ ಏನ್ ಮಾಡ್ಲಿ? ನಿಮ್ಮ ರುಚಿ ನನ್ನ ಕೈಗಿ ಬಂದ್ರ ಮನ್ಯಾಗರ ಕೂಡ್ತಾರ.”

ಹೇಳಲು ನಾಚಿಕೆಯಾಗುವ ಮಾತು, ಆದರೂ ಹೇಳಬೇಕು. ಮೊದಲು ಶರೀಫಸಾಬನಿಗೆ ಹಿಗ್ಗೇ ಆಯಿತು. ತನ್ನ ಕೈಗುಣ ಕಲಿಯಲು ಅಂಗಡಿ ತನಕ ಬಂದವರು ಯಾರೂ ಇರಲಿಲ್ಲ. ಗಂಟಲು ಸರಿಮಾಡಿಕೊಂಡು ಶುರುಮಾಡಬೇಕು, ಅಷ್ಟರಲ್ಲಿ ಅವಳೇ ಕೇಳಿದಳು: “ಮೊದಲ ಬ್ರಾಂಡಿ ಎಷ್ಟ್ ಹಾಕೂದು, ಅದು ಹೇಳ್ರಿ.”

“ಅದು ನನಗ ಗೊತ್ತಿಲ್ಲವ್ವ. ಅದನ್ನ ನಾ ಮುಟ್ಟೂದಿಲ್ಲ.”

ಬಾಲಮ್ಮ ಅವನ ಮುಖವನ್ನೇ ನೋಡಿದಳು. “ಮತ್ತ ಎಷ್ಟಕ್ಕ ಸಾಕು ಅಂಬೂದು ನಿಮಗ ಹ್ಯಾಂಗ ಗೊತ್ತಾಗ್ತದ್ರಿ?”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ, ತಿಳಿಯದೆ ಕೇಳಿದ್ದಳು. ಶರೀಫಸಾಬ ಬೇಸ್ತವಾರ ಬಾ ಎಂದು ಕಳಿಸಿದ. ಮಧ್ಯಾಹ್ನವೆಲ್ಲ ಹಿಡಿಕೆ ತಿರುಗಿಸದೆ ಮಷಿನ್ನಿನ ಮುಂದೆ ಕೂತ. ಮನೆಯಲ್ಲಿ ಒಂದು, ಇಲ್ಲಿ ಐದು. ಆ ನಾಲ್ಕು ಗ್ಲಾಸು ತನ್ನವು. ಕಹಿ ಎಂಬುದು ಮನುಷ್ಯನಿಗೆ ಸಾಕು ಎಂದು ಹೇಳಲು ಇದ್ದದ್ದು, ತಾನು ಅದರ ಬಾಯಿ ಮುಚ್ಚಿಸಿದ್ದ. ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈಗಳನ್ನು ನೆನೆದು ಅವನಿಗೆ ತನ್ನ ಮೇಲೇ ಹೇಸಿಗೆ ಬಂತು.

ಸಾಯಂಕಾಲ ಜಗ್ಗಿನಲ್ಲಿ ಬರೀ ಸೋಡಾ ತಂದಿಟ್ಟ. ಮರಿಲಿಂಗಪ್ಪ ಒಂದು ಗುಟುಕಿಗೇ ಮುಖ ಕಿವುಚಿದ.

“ಶರೀಫಸಾಬ, ನಿಮ್ಮ ಕೈಗಿ ಏನಾಗ್ಯಾದ್ರಿ ಇವತ್ತ?”

“ಕೈಗಿ ಏನೂ ಆಗಿಲ್ರಿ. ಇವತ್ತ ನಿಮಗ ನಿಮ್ಮ ಬ್ರಾಂಡಿ ಖರೇ ರುಚಿ ಗೊತ್ತಾಗ್ಯಾದ.”

ಬಸವಂತ್ರಾಯ ರೇಗಿದ, ಮತ್ತೆ ಪುಸಲಾಯಿಸಿದ, ಮತ್ತೆ ರೇಗಿದ. ಶರೀಫಸಾಬ ಜಗ್ಗು ಬದಲಿಸಲಿಲ್ಲ. ಮರಿಲಿಂಗಪ್ಪ ಅರ್ಧ ಗ್ಲಾಸು ಬಿಟ್ಟು ಎದ್ದು ಹೋದ.

ಬೇಸ್ತವಾರ ಬಾಲಮ್ಮ ಹೇಳಿದ ಸಮಯಕ್ಕೇ ಬಂದಳು. ಕಣ್ಣು ಊದಿದ್ದವು.

“ಮೂರ್ ದಿನ ಆತು, ಹೊತ್ತ ಮುಳುಗೂದ್ರಾಗ ಮನಿಗಿ ಬರಾಕತ್ಯಾರ್ರಿ. ಆದ್ರ ಕೈ ನಡುಗಾಕತ್ಯಾವ. ಮಾತಿಗೊಮ್ಮಿ ಸಿಡುಕ್ತಾರ. ನಿನ್ನಿ ತಾಟ ಒಗದ್ರು. ಹೇಳಿಕೊಡ್ರಿ ಕಾಕಾ, ದಿನಕ್ಕ ಒಂದ ಒಂದು ಮಾಡಿಕೊಡ್ತೀನಿ.”

ಆ ಒಂದು ಎಷ್ಟಾಗುತ್ತದೆ ಎಂಬುದು ಈಗ ಶರೀಫಸಾಬನಿಗೆ ಗೊತ್ತಿತ್ತು.

“ನನಗ ಬರೂದಿಲ್ಲವ್ವ,” ಎಂದ.

“ಊರೆಲ್ಲ ಹೇಳ್ತದಲ್ರಿ?”

“ಊರು ಸುಳ್ಳ ಹೇಳ್ತದ. ಅದು ಬರೇ ಸೋಡಾ.”

“ದೊಡ್ಡವ್ರಾಗಿ ಹಿಂಗ ಸುಳ್ಳ ಹೇಳ್ತೀರಲ್ಲ,” ಎಂದು, ಅವನು ಒಡೆದು ಕೊಟ್ಟ ನಿಂಬೆ ಸೋಡಾ ಮುಟ್ಟದೆ ಹೋದಳು. ಅವಳ ಸಿಟ್ಟು ನ್ಯಾಯವಾಗಿತ್ತು. ಅದನ್ನು ಅವನು ನುಂಗಿಕೊಂಡ.

ತಿಂಗಳೊಪ್ಪತ್ತಿನಲ್ಲಿ ಕೋಣೆ ಬರಿದಾಯಿತು. ಬೆತ್ತದ ಕುರ್ಚಿಗಳು ಬಸವಂತ್ರಾಯನ ಜೀಪು ಹತ್ತಿ ಸುರಪುರಕ್ಕೆ ಹೋದವು. ಶರೀಫಸಾಬನ ಕೈಗುಣ ಹೋಯಿತಂತೆ ಎಂದು ಸುದ್ದಿಯಾಯಿತು. ಯಾರದೋ ದೃಷ್ಟಿ ತಾಕಿದೆ, ತಾಯತ ಕಟ್ಟಿಸು ಎಂದು ಕಡಲೆಯವಳು ಬುದ್ಧಿ ಹೇಳಿದಳು. ಅಷ್ಟು ವರ್ಷ ಗಳಿಸಿದ ಹೆಸರು ಹೀಗೆ ಬೀದಿಯಲ್ಲಿ ಬಿದ್ದಾಗ ಅವನಿಗೆ ಅಳುವೇ ಬಂತು, ಆದರೆ ಒಬ್ಬರಿಗೂ ಅಲ್ಲ ಎನ್ನಲಿಲ್ಲ. “ಕೊನೆಗೂ ಮೂಗು ಮನೆಗೆ ಬಂತು,” ಎಂದಳು ಮದೀನಾಬೀ. ರಸಗಳನ್ನು ಬೆರೆಸುವುದನ್ನೇ ಬಿಟ್ಟ. ಮುಂದೆಲ್ಲ ಅವನ ಅಂಗಡಿಯಲ್ಲಿ ಸಿಕ್ಕಿದ್ದು ಎರಡೇ, ಸಾದಾ ಮತ್ತು ನಿಂಬೆ.

ಮರಿಲಿಂಗಪ್ಪ ಒಂದೇಟಿಗೆ ಬಿಟ್ಟ ಎಂದರೆ ಸುಳ್ಳಾಗುತ್ತದೆ. ಎರಡು ಸಲ ಬಿಟ್ಟು ಮತ್ತೆ ಹಿಡಿದ. ಮೂರನೆಯ ಸಲ, ಮಗಳು ಶಾಲೆಗೆ ಹೋಗುವ ಹೊತ್ತಿಗೆ, ಬಿಟ್ಟೇಬಿಟ್ಟ. ಅದಕ್ಕೂ ಶರೀಫಸಾಬನನ್ನು ಹೊಗಳಲು ಬಂದವರಿದ್ದರು. “ಹಚ್ಚಿದವ ನಾ, ಬಿಡಿಸಿದವ ಅನ್ನಬ್ಯಾಡ್ರಿ,” ಎಂದು ಗದರಿಸಿ ಕಳಿಸಿದ.

ಮೂವತ್ತು ವರ್ಷ ಕಳೆದ ಮೇಲೆ ಒಂದು ದೊಡ್ಡ ಕಾರು ಅಂಗಡಿಯ ಮುಂದೆ ನಿಂತಿತು. ತಲೆ ನೆರೆತ ಬಸವಂತ್ರಾಯ ಇಳಿದ. ಈಗ ಅವನು ಬೆಂಗಳೂರಿನವನು. ಬೆಂಚಿನ ಮೇಲೆ ನಿವೃತ್ತ ಮರಿಲಿಂಗಪ್ಪ ಕೂತಿದ್ದ.

“ನಮ್ಮ ಹುಣಸಗಿ ಕೋಣಿ ನೆನಸಿ ಅಲ್ಲೊಂದು ಬಾರ್ ಮಾಡೀನಿ,” ಎಂದ ಬಸವಂತ್ರಾಯ. “ಬೋರ್ಡ ಇಲ್ಲ. ಮುಂದ ಪುಸ್ತಕದ ಕಪಾಟ, ತಳ್ಳಿದ್ರ ಬಾಗಲ. ಜನ ಹುಡುಕ್ಕೋತ ಬರ್ತಾರ. ಆ ನಿನ್ನ ಬ್ರಾಂಡಿ ಬೆರಕಿ ಹೇಳು ಶರೀಫಸಾಬ. ನಿನ್ನ ಹೆಸರ ಇಟ್ಟ ಮಾರ್ತೀನಿ. ಬೆಂಗಳೂರ ಮಂದಿ 'ಒಂದ್ ಶರೀಫಸಾಬ ಕೊಡ್ರಿ' ಅಂತ ಕೇಳಬೇಕು.”

ಎಪ್ಪತ್ತು ದಾಟಿದ ಶರೀಫಸಾಬನ ಮುಖ ಒಂದು ಗಳಿಗೆ ಬೆಳಗಿತು. ಹದ ಒಂದೂ ಮರೆತಿರಲಿಲ್ಲ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು.

“ಅದರಾಗ ಏನೂ ಇದ್ದಿದ್ದಿಲ್ರಿ ಗುತ್ತೇದಾರ್ರ. ಬರೇ ಸೋಡಾ.”

ಬಸವಂತ್ರಾಯ ನಕ್ಕು ಮರಿಲಿಂಗಪ್ಪನ ಕಡೆ ತಿರುಗಿದ. “ನೀ ಹೇಳೋ ಮಾರಾಯಾ. ನಿನ್ನಷ್ಟು ಕುಡದವ್ರು ಯಾರೂ ಇಲ್ಲ. ಏನಿತ್ತ ಅದರಾಗ?”

ಮರಿಲಿಂಗಪ್ಪ ಶರೀಫಸಾಬನ ಮುಖ ನೋಡಿದ. ಶರೀಫಸಾಬ ನೆಲ ನೋಡುತ್ತಿದ್ದ.

“ಬರೇ ಸೋಡಾನ ಇತ್ರಿ,” ಎಂದ ಮರಿಲಿಂಗಪ್ಪ.