ಸೊಕ್ಕೆಯ ನೀರಿಗೆ ಹಳೇ ಕಂಪೈಲರ್

ನ್ಯಾಮತಿಯ ಭೀಮೇಶನಿಗೆ ಅಸಹ್ಯ ಹುಟ್ಟಿಸುವುದು ಬಹಳ ಸುಲಭ. ಯಾರಾದರೂ "ಅಪ್‌ಡೇಟ್ ಮಾಡಿದೀನಿ ಸಾರ್" ಅಂದರೆ ಸಾಕು, ಕಾಫಿಯಲ್ಲಿ ನೊಣ ಕಂಡವರ ಹಾಗೆ ಮುಖ ಮಾಡುತ್ತಾನೆ. ಐವತ್ತನಾಲ್ಕರ ಈ ಮನುಷ್ಯ ಡಿಪ್ಲೊಮಾ ಕಾಲೇಜೊಂದರ ಲ್ಯಾಬಿನಲ್ಲಿ ಬೋಧಕ. ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಸಾಫ್ಟ್‌ವೇರ್ ಲೈಬ್ರರಿ ಬರೆದ. ಪುಸ್ತಕದ ಲೈಬ್ರರಿಯಲ್ಲ, ಬೇರೆಯವರು ತಮ್ಮ ಪ್ರೋಗ್ರಾಮಿಗೆ ಬಿಟ್ಟಿಯಾಗಿ ಸೇರಿಸಿಕೊಳ್ಳಬಹುದಾದ ಸಿದ್ಧ ತುಂಡುಗಳು. ಗಡಿಯಾರ, ಮೋಟಾರು, ವಾಲ್ವು ನೋಡಿಕೊಳ್ಳುವುದು ಅವುಗಳ ಕೆಲಸ. ಜಗಳೂರು ಕಡೆಯ ಕೆಲವು ಶುದ್ಧ ನೀರಿನ ಘಟಕಗಳೊಳಗಿನ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳು ಇವತ್ತಿಗೂ ಅದರ ಮೇಲೇ ನಡೆಯುತ್ತವೆ.

ಬೋರ್ಡು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ನಾವು ಬರೆದ ಪ್ರೋಗ್ರಾಮನ್ನು ಆ ಬೋರ್ಡಿಗೆ ತಿಳಿಯುವ ಭಾಷೆಗೆ ಇಳಿಸುವ ಕಂಪೈಲರ್ ಮೂವತ್ತು ವರ್ಷ ಹಳೆಯದು, ಮಡಿವಂತ ಸ್ವಭಾವದ್ದು. ಒಲೆ ಹಚ್ಚುವ ಮುಂಚೆ ಪಾತ್ರೆಗಳೆಲ್ಲ ಕಟ್ಟೆಯ ಮೇಲಿರಬೇಕು ಎನ್ನುವ ಅತ್ತೆಯ ಹಾಗೆ, ಪ್ರೋಗ್ರಾಮಿನೊಳಗೆ ಬಳಸುವ ಹೆಸರುಗಳನ್ನೆಲ್ಲ ಅದಕ್ಕೆ ಮೊದಲೇ ಹೇಳಿಬಿಡಬೇಕು. ಈಗಿನ ಕಂಪೈಲರುಗಳು ಒಗ್ಗರಣೆ ಸಿಡಿಯುವಾಗ ಸೌಟು ಹುಡುಕಿದರೂ ಸುಮ್ಮನಿರುತ್ತವೆ. ಭೀಮೇಶ್ ಒಂದು ಸಾಲು ತಿದ್ದಿದರೂ ಆ ಕಂಪೈಲರ್ ಇರುವ ತನ್ನ ಹಳೇ ಕಂಪ್ಯೂಟರಿನಲ್ಲಿ ಓಡಿಸಿ ನೋಡದೆ ಹೊರಗೆ ಬಿಟ್ಟವನಲ್ಲ.

ಹೋದ ವರ್ಷ ಅವನಿಗೆ ಕಣ್ಣಿನ ಆಪರೇಷನ್ ಆಯಿತು. ಲೈಬ್ರರಿಯ ಉಸ್ತುವಾರಿಯನ್ನು ಚನ್ನಗಿರಿಯ ರಘುನಾಥನಿಗೆ ಒಪ್ಪಿಸಿದ. ರಘುನಾಥ ಪ್ರೋಗ್ರಾಮ್ ಬರೆದದ್ದಕ್ಕಿಂತ, ಅದನ್ನು ಹೇಗೆ ಬರೆಯಬೇಕೆಂದು ಭಾಷಣ ಮಾಡಿದ್ದೇ ಹೆಚ್ಚು. ಅವನ ಕಾರ್ಡಿನಲ್ಲಿ 'ಮುಖ್ಯ ವಿನ್ಯಾಸಕ' ಎಂದಿದೆ. ಉಪ ವಿನ್ಯಾಸಕ ಯಾರೆಂಬುದು ಯಾರಿಗೂ ಗೊತ್ತಿಲ್ಲ. ಭೀಮೇಶನ ಕಣ್ಣಿನ ಪಟ್ಟಿ ಬಿಚ್ಚುವಷ್ಟರಲ್ಲಿ ರಘುನಾಥ ಇಡೀ ಲೈಬ್ರರಿಯನ್ನು ಹೊಸ ಶೈಲಿಗೆ ತಿದ್ದಿ ಮುಗಿಸಿದ್ದ. ನ್ಯಾಯವಾಗಿ ಹೇಳಬೇಕೆಂದರೆ ಒಂದು ಒಳ್ಳೆಯ ಕೆಲಸವನ್ನೂ ಮಾಡಿದ್ದ: ವರ್ಷಗಟ್ಟಲೆ ದಿನ ಎಣಿಸಿ ಎಣಿಸಿ ಬೋರ್ಡಿನಲ್ಲಿ ಎಣಿಕೆಗಿಟ್ಟ ಜಾಗ ತುಂಬಿ ಯಂತ್ರ ನಿಂತುಹೋಗುವ ದೋಷವೊಂದಿತ್ತು, ಅದನ್ನು ಎಂಟು ಸಾಲುಗಳಲ್ಲಿ ಸರಿಪಡಿಸಿದ್ದ.

ಈ ಮಾರ್ಚಿನಲ್ಲಿ, ಆ ತಿದ್ದುಪಡಿ ಇನ್ನೂ ತಲುಪದ ಸೊಕ್ಕೆಯ ನೀರಿನ ಘಟಕ ಅದೇ ದೋಷದಿಂದ ನಿಂತಿತು. ಅದನ್ನು ನಡೆಸುವ ಕೆಂಪಕ್ಕ ಫೋನ್ ಮಾಡಿದಳು.

"ಭೀಮೇಶಣ್ಣ, ಮಿಷನ್ನು ನಿಂತು ಮೂರು ದಿನ ಆತು. ಹುಡುಗರು ಮತ್ತೆ ಬೋರಿನ ನೀರೇ ಕುಡೀತಾ ಇದಾವೆ. ಹಲ್ಲು ಕಂದಾಗೋ ನೀರು ಕಣ್ರೀ ಅದು."

ಭೀಮೇಶ್ ರಘುನಾಥ ತಿದ್ದಿದ ಹೊಸ ಪ್ರತಿಯನ್ನು ಹಳೇ ಕಂಪೈಲರಿಗೆ ಕೊಟ್ಟ. ಇನ್ನೂರ ಹನ್ನೆರಡು ತಪ್ಪು ತೋರಿಸಿತು. ಬರಿಗಾಲಲ್ಲಿ ಸಗಣಿ ತುಳಿದವನ ಮುಖ ಮಾಡಿಕೊಂಡು ರಘುನಾಥನಿಗೆ ಫೋನ್ ಹಚ್ಚಿದ.

"ಹಳೇ ಕಂಪೈಲರ್‌ಗೆ ಇನ್ನು ಬೆಂಬಲ ಇಲ್ಲ ಅಂತ ಸೂಚನೆ ಹಾಕಿದೀನಲ್ಲ ಸಾರ್."

"ಎಲ್ಲಿ ಹಾಕಿದೀಯಪ್ಪ?"

"ಲೈಬ್ರರಿಯ ವೆಬ್ ಪುಟದಾಗೆ. ಇಂಗ್ಲಿಷಿನಾಗೆ, ದಪ್ಪ ಅಕ್ಷರದಾಗೆ."

"ಕೆಂಪಕ್ಕ ಓದದೆ ತಪ್ಪು ಮಾಡಿದ್ಲು ಅನ್ನು."

"ಹಳೇದಕ್ಕೇ ಜೋತು ಬಿದ್ರೆ ನಾವು ಬೆಳೆಯೋದು ಹೆಂಗೆ ಸಾರ್?"

"ಇದನ್ನೇ ನಾಳೆ ಸೊಕ್ಕೆಗೆ ಬಂದು ಹೇಳು. ಜನ ಸೇರ್ತಾರೆ."

ಜನ ಸೇರುತ್ತಾರೆ ಎಂದರೆ ರಘುನಾಥ ತಪ್ಪಿಸುವವನಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಭೀಮೇಶ್ ಹಳೇ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು, ಹೊನ್ನಾಳಿಯಲ್ಲೊಮ್ಮೆ, ದಾವಣಗೆರೆಯಲ್ಲೊಮ್ಮೆ ಬಸ್ಸು ಬದಲಿಸಿ, ಬೈದುಕೊಂಡೇ ಬಂದಿಳಿದ.

ಖಾಲಿ ಕ್ಯಾನುಗಳ ಸಾಲಿನ ಮುಂದೆ ನಿಂತು ರಘುನಾಥ ಆಧುನಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ. ಕೊನೆಗೆ, "ಬೋರ್ಡು ಬದಲಾಯಿಸಿದ್ರೆ ಮುಗೀತು" ಎಂದ.

ಕೆಂಪಕ್ಕ ಬೋರಿನ ನಲ್ಲಿಯಿಂದ ಒಂದು ಲೋಟ ಹಿಡಿದು ತಂದಳು. "ಬಿಸಿಲಾಗೆ ಬಂದೀರಿ. ನೀರು ಕುಡೀರಿ ಸಾರ್."

ರಘುನಾಥ ಲೋಟ ನೋಡಿದ. ಬ್ಯಾಗಿನಿಂದ ಸೀಲ್ ಒಡೆಯದ ಬಾಟಲಿ ತೆಗೆದು, ಆ ಕಡೆ ತಿರುಗಿ ಕುಡಿದ.

"ಬುದ್ಧಿವಂತರು ಕಣವ್ವ," ಎಂದಿತು ಸಾಲಿನಿಂದ ಒಂದು ದನಿ.

ಭೀಮೇಶ್ ಅಷ್ಟರಲ್ಲಿ ಹಳೇ ಕಂಪ್ಯೂಟರಿನ ಮುಂದೆ ಕೂತಿದ್ದ. ತನ್ನ ಹಳೇ ಪ್ರತಿಯನ್ನೇ ತೆಗೆದು, ರಘುನಾಥನ ಎಂಟು ಸಾಲುಗಳನ್ನಷ್ಟೇ ಅದಕ್ಕೆ ತಂದು, ಅವುಗಳಲ್ಲಿನ ಹೆಸರುಗಳನ್ನೆಲ್ಲ ಕಂಪೈಲರ್ ಕೇಳುವ ಹಾಗೆ ಮೇಲಕ್ಕೆ ಎತ್ತಿ ಬರೆದ. ಒಂದು ತಪ್ಪೂ ಬರಲಿಲ್ಲ; ಅದನ್ನು ಬೋರ್ಡಿಗೆ ತುಂಬಿದ. ಊಟದ ಹೊತ್ತಿಗೆ ಪಂಪು ಗುರುಗುಟ್ಟಿ ನೀರು ಬಂತು. ಮೊದಲ ಕ್ಯಾನು ತುಂಬುವ ಮೊದಲೇ ರಘುನಾಥ ನಲ್ಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡು, "ನಮ್ಮ ಲೈಬ್ರರಿಯ ಗ್ರಾಮೀಣ ಸೇವೆ" ಎಂದು ಅಲ್ಲೇ ಫೋನಿನಲ್ಲಿ ಊರಿಗೆಲ್ಲ ಹಂಚಿದ. ಭೀಮೇಶ್ ಗೋಡೆಯ ಹಿಂದಕ್ಕೆ ಹೋಗಿ ಉಗಿದು ಬಂದ.

"ಇನ್ಮೇಲೆ ಹಳೇ ಪ್ರತಿ ಬೇರೆಯಾಗೇ ಇರ್ತೈತೆ," ಎಂದ ಕೆಂಪಕ್ಕನಿಗೆ. "ಅವನು ಅಲ್ಲಿ ತಿದ್ದಿದ್ದನ್ನೆಲ್ಲ ನಾನು ಇಲ್ಲಿಗೆ ಇಳಿಸ್ತಾ ಕೂರಬೇಕು. ನೀವು ಹೊಸ ಬೋರ್ಡು ಕೇಳ್ರಿ."

"ಎಂಟು ವರ್ಷದಿಂದ ಅರ್ಜಿ ಕೊಡ್ತಾನೇ ಇದೀನಿ."

"ಹಂಗಾದ್ರೆ ನಾನು ಇನ್ನೂ ಹತ್ತು ವರ್ಷ ಸಾಯೋ ಹಂಗಿಲ್ಲ."

"ಸಾಯಬ್ಯಾಡ್ರಿ ಮತ್ತೆ," ಎಂದು ಕೆಂಪಕ್ಕ ಮುಂದಿನ ಕ್ಯಾನನ್ನು ನಲ್ಲಿಗೆ ಹಿಡಿದಳು.