ಹಲ್ಲಿನಿಂದ ಇಂಜಿನ್ ಕೇಳುತ್ತಿದ್ದ ಮೇಸ್ತ್ರಿ

ಮೊನ್ನೆ ಚನ್ನರಾಯಪಟ್ಟಣದ ನೆಂಟರೊಬ್ಬರು ಮದುವೆಗೆ ಕರೆಯಲು ಬಂದಿದ್ದರು. ಅವರು ಕೊಟ್ಟ ಲಗ್ನಪತ್ರಿಕೆಯಲ್ಲಿ ಗಂಡು ಯಾರು, ಹೆಣ್ಣು ಯಾರು, ಮುಹೂರ್ತ ಎಷ್ಟು ಗಂಟೆಗೆ ಎಂದು ನೋಡುವುದು ಬಿಟ್ಟು, ನಾನು ಅದರ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ದಪ್ಪ ನೋಡಿದೆ. ‘ಒಳ್ಳೇ ಗ್ಯಾಸ್ಕೆಟ್ ಆಗುತ್ತೆ’ ಎಂಬ ಮಾತು ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ನೆಂಟರು ಹೋದಮೇಲೆ ಹೆಂಡತಿ, “ಅದ್ಯಾಕೆ ಪತ್ರಿಕೆ ಹಿಡ್ಕಂಡು ಅಳೋ ಮಖ ಮಾಡಿದ್ರಿ?” ಎಂದಳು.

ನಮ್ಮ ಹೊಳೆನರಸೀಪುರದಲ್ಲಿ, ಅರಕಲಗೂಡು ರಸ್ತೆಯಲ್ಲಿ, ಒಂದು ತಗಡಿನ ಶೆಡ್ಡು ಇತ್ತು. ಗಾಡಿ ರಿಪೇರಿ ಮಾಡುವ ಮೇಸ್ತ್ರಿಯ ಶೆಡ್ಡು. ಅವರಿಗೂ ಒಂದು ಹೆಸರಿತ್ತು, ಆದರೆ ಊರಿಗೆ ಊರೇ ಮೇಸ್ತ್ರಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಮದುವೆ ಮುಗಿದ ಮನೆಗಳಲ್ಲಿ ಉಳಿದ ಪತ್ರಿಕೆಗಳೆಲ್ಲ ಆ ಶೆಡ್ಡಿಗೆ ಬಂದು ಸೇರುತ್ತಿದ್ದವು. ಇಂಜಿನ್ನಿನ ಎರಡು ಕಬ್ಬಿಣದ ಭಾಗ ಕೂಡುವ ಕಡೆ ಎಣ್ಣೆ ಸೋರದಂತೆ ನಡುವೆ ಇಡುವ ಹಾಳೆಗೆ ಗ್ಯಾಸ್ಕೆಟ್ ಅನ್ನುತ್ತಾರೆ. ಅಂಗಡಿಯಲ್ಲಿ ಗ್ಯಾಸ್ಕೆಟ್ ಸಿಗದ ಹಳೇ ಗಾಡಿಗಳಿಗೆ ಮೇಸ್ತ್ರಿ ಲಗ್ನಪತ್ರಿಕೆಯನ್ನೇ ಇಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನಗುಂಟ ಟಕಟಕ ಬಡಿದು ಕತ್ತರಿಸಿ, ಗ್ರೀಸ್ ಸವರಿ ಕೂರಿಸುತ್ತಿದ್ದರು. ಗಂಡುಹೆಣ್ಣಿನ ಹೆಸರು ಓದಿ, “ಈ ಜೋಡಿ ಸೋರಾಕಿಲ್ಲ ಕಣ್ಲಾ” ಎಂದು ನಗುತ್ತಿದ್ದರು.

ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಜೀವಮಾನವೆಲ್ಲ ಇಂಜಿನ್ನಿನ ಪಕ್ಕದಲ್ಲೇ ಕಳೆದು ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಗೆ ಕೂಗಿದರೆ ಒಂದಿಷ್ಟು ಬೀಳುತ್ತಿತ್ತು. ಹಾಗಂತ ಕೆಲಸಕ್ಕೇನೂ ಕುಂದಿಲ್ಲ. ಒಂದು ಮೊಳದುದ್ದದ ಸ್ಕ್ರೂಡ್ರೈವರ್ ಇತ್ತು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ದವಡೆ ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸಡಿಲ, ಎಲ್ಲ ಹೇಳಿಬಿಡುತ್ತಿದ್ದರು. “ಕಿವಿ ಸುಳ್ ಯೋಳ್ತದೆ, ಹಲ್ಲು ಯೋಳಾಕಿಲ್ಲ” ಅನ್ನುವುದು ಅವರ ಮಾತು.

ನನ್ನದೊಂದು ಹಳೇ ಪೆಟ್ರೋಲ್ ಪಿಕಪ್. ಮಾವನವರಿಂದ ಬಂದದ್ದು. ಕಟ್ಟಾಯದ ಕಡೆಯಿಂದ ಆಲೂಗಡ್ಡೆ, ಹಿರೀಸಾವೆ ಕಡೆಯಿಂದ ಎಳನೀರು, ಹೀಗೆ ಬಾಡಿಗೆ ಹೊಡೆದು ಸಂಸಾರ ಸಾಗಿಸುತ್ತಿದ್ದೆ. ದುಡಿದದ್ದೆಲ್ಲ ಆ ಪೆಟ್ರೋಲ್ ಟ್ಯಾಂಕಿಗೇ ನೈವೇದ್ಯ. ಮಾರಿಬಿಡುತ್ತೇನೆ ಎಂದು ಶೆಡ್ಡಿನ ಮುಂದೆ ಗೊಣಗಿದ್ದಕ್ಕೆ ಮೇಸ್ತ್ರಿ ನನ್ನನ್ನೇ ಬೈದರು. “ಲೇ, ಚಾಸಿ ಗಟ್ಟಿಮುಟ್ಟಾಗದೆ. ಡೀಸೆಲ್ ಇಂಜಿನ್ ಕೂರುಸ್ಕೊಡ್ತೀನಿ, ಇನ್ನೂ ಹತ್ತೊರ್ಸ ಉಣ್ಣು.”

ಹಾಸನದ ಗುಜರಿಗೆ ಇಬ್ಬರೂ ಹೋದೆವು. ಮೂರು ಡೀಸೆಲ್ ಇಂಜಿನ್‌ಗಳಿದ್ದವು. ಬ್ಯಾಟರಿ ಕೊಟ್ಟು ಒಂದೊಂದನ್ನೇ ನೆಲದ ಮೇಲೇ ಓಡಿಸಿದರು. ಮೇಸ್ತ್ರಿ ಸ್ಕ್ರೂಡ್ರೈವರ್ ಕಚ್ಚಿಕೊಂಡು ನಿಂತದ್ದನ್ನು ನೋಡಿ ಗುಜರಿಯವನು, “ಇದೇನ್ ಸಾ, ಇಂಜಿನ್ ತಿಂತಾರಾ?” ಎಂದು ನಕ್ಕ. ನಾನೂ ನಕ್ಕೆ. ಮೇಸ್ತ್ರಿ ಮೂರನೆಯದರ ಮೇಲೆ ಕೈಯಿಟ್ಟು “ಇವನು” ಎಂದರು.

ಹನ್ನೊಂದು ದಿನದ ಕೆಲಸ. ಶೆಡ್ಡಿನ ಪಕ್ಕದ ಹೊಂಗೆಮರಕ್ಕೆ ಚೈನು ಕಟ್ಟಿ ಹಳೇ ಇಂಜಿನ್ ಎತ್ತಿದರು, ಹೊಸದನ್ನು ಇಳಿಸಿದರು. ಹಳೇ ಇಂಜಿನ್ನಿನ ಜಾಗಕ್ಕೆ ಹೊಸದರ ಕಾಲು ಕೂರಲಿಲ್ಲ, ಕಬ್ಬಿಣ ಕತ್ತರಿಸಿ ಬೇರೆ ಕಾಲು ಬೆಸೆದರು. ಡೀಸೆಲ್ ಇಂಜಿನ್ ಭಾರ ಎಂದು ಮುಂದಿನ ಕಮಾನುಪಟ್ಟಿಗೆ ಎರಡು ಪಟ್ಟಿ ಜಾಸ್ತಿ ಸೇರಿಸಿದರು. ಕೊನೆಗೆ ಸ್ಟಾರ್ಟ್ ಮಾಡಿದಾಗ ಹೊಗೆಯಲ್ಲಿ ಶೆಡ್ಡೇ ಕಾಣಲಿಲ್ಲ. ಹೊಗೆ ತಿಳಿಯಾದಾಗ ಮೇಸ್ತ್ರಿ ಹಿಡಿ ಕಚ್ಚಿ, ಕಣ್ಣು ಮುಚ್ಚಿ ನಿಂತಿದ್ದರು. ಕಣ್ಣಂಚಲ್ಲಿ ನೀರಿತ್ತು. ಹೊಗೆಗೋ, ಖುಷಿಗೋ... ನಾನು ಕೇಳಲಿಲ್ಲ. ಆರ್‌ಸಿ ಪುಸ್ತಕದಲ್ಲೂ ಪೆಟ್ರೋಲ್ ಎಂಬುದನ್ನು ಹೊಡೆದುಹಾಕಿಸಿ ಡೀಸೆಲ್ ಎಂದು ಬರೆಸಿಕೊಂಡು ಬಂದೆ.

ಒಂದು ತಿಂಗಳು ಗಾಡಿ ಹೂವಿನಂತೆ ಓಡಿತು. ಅರಕಲಗೂಡಿನ ಎಳನೀರು ವ್ಯಾಪಾರಿಯೊಬ್ಬ ದಿನಾ ಬಾಡಿಗೆ ಕೊಡುತ್ತೇನೆ ಅಂದ. ಹಿರೀಸಾವೆಯಲ್ಲಿ ಲೋಡು ತುಂಬಿಕೊಂಡು ಹೊರಟೆ. ನಮ್ಮೂರ ಬಂಕಿನಲ್ಲಿ ಎಣ್ಣೆ ಹಾಕಿಸಿ ಎರಡು ಮೈಲಿ ಹೋಗಿದ್ದೆ ಅಷ್ಟೆ, ಇಂಜಿನ್ ಕಟಕಟ ಎಂದು ಬಡಿದುಕೊಂಡು ನಿಂತೇಬಿಟ್ಟಿತು. ಮೊದಲ ದಿನವೇ! ವ್ಯಾಪಾರಿ ಬೈಕಿನಲ್ಲಿ ಬಂದು ಬಾಯಿಗೆ ಬಂದಂತೆ ಅಂದ. ಟ್ರ್ಯಾಕ್ಟರಿಗೆ ಕಟ್ಟಿ ಗಾಡಿಯನ್ನು ಶೆಡ್ಡಿಗೆ ಎಳೆಸಿಕೊಂಡು ಬಂದೆ.

ನನಗೆ ಮೂಗಿನ ತುದಿಯಲ್ಲಿ ಕೋಪ. ಎದುರಿನ ಟೀ ಅಂಗಡಿಯಲ್ಲಿ ಹತ್ತು ಜನ ಡ್ರೈವರ್‌ಗಳಿದ್ದರು. ಮೆತ್ತಗೆ ಹೇಳಿದರೆ ಅವರಿಗೆ ಕೇಳುವುದಿಲ್ಲವಲ್ಲ, ಎಡಗಿವಿಯ ಹತ್ತಿರ ಹೋಗಿ ಕೂಗಿದೆ. “ಕಿವುಡನ ಕೈಗೆ ಇಂಜಿನ್ ಕೊಟ್ನಲ್ಲ, ನನ್ನ ಎಕ್ಕಡದಲ್ಲಿ ಹೊಡ್ಕಬೇಕು!” ರಸ್ತೆಗೆ ರಸ್ತೆಯೇ ಕೇಳಿಸಿಕೊಂಡಿತು. ಅವರೂ ಕೇಳಿಸಿಕೊಂಡರು.

ಮೇಸ್ತ್ರಿ ಗಾಡಿಯ ಹತ್ತಿರ ಹೋದರು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಬಟ್ಟೆ ಅದ್ದಿ ಮತ್ತೆ ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ನನಗೂ ವಾಸನೆ ಬಂತು. ಪೆಟ್ರೋಲ್! ಒಂಬತ್ತು ವರ್ಷದ ಅಭ್ಯಾಸ, ಹೊಸ ಬಾಡಿಗೆಯ ಅವಸರದಲ್ಲಿ ನಾನು ಬಂಕಿನ ಪೆಟ್ರೋಲ್ ಪಂಪಿಗೇ ಗಾಡಿ ಹಚ್ಚಿದ್ದೆ, ಬಂಕಿನವನೂ ಗುರುತಿನ ಗಾಡಿ ಎಂದು ಕೇಳದೆ ತುಂಬಿಸಿದ್ದ. ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಟೀ ಅಂಗಡಿಯಿಂದ ಯಾರೋ, “ಏನಾಗಿತ್ತು ಮೇಸ್ತ್ರಿ?” ಎಂದು ಕೈಸನ್ನೆ ಮಾಡಿದರು.

“ನಂದೇ ತೆಪ್ಪು ಕಣಪ್ಪ. ಇಂಜಿನ್ ಪಂಪ್ ಸರಿಯಾಗಿ ಕೂತಿರ್ನಿಲ್ಲ” ಎಂದರು ಮೇಸ್ತ್ರಿ, ಎಲ್ಲರಿಗೂ ಕೇಳುವಂತೆ.

ಮಾರನೇ ದಿನ ಟ್ಯಾಂಕು ತೊಳೆದು, ಪಂಪು ಬಿಚ್ಚಿ ಸರಿಮಾಡಿ, ಮುಚ್ಚಳದ ಮೇಲೆ ಬಿಳೀ ಬಣ್ಣದಲ್ಲಿ ‘ಡೀಸೆಲ್’ ಎಂದು ಬರೆಯುತ್ತ ಹೇಳಿದರು. “ಮಾರಿದ ಎತ್ತೂ ಹಳೇ ಕೊಟ್ಟಿಗೆಗೇ ನುಗ್ತದೆ, ಬುಡು. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕ್ಸೋ ಡ್ರೈವರು ಅಂದ್ರೆ ನಿಂಗ್ಯಾರ್ಲಾ ಲೋಡ್ ಕೊಟ್ಟಾರು? ನಂಗೇನು, ಕಿವುಡ ಅಂತ ಎಲ್ರಿಗೂ ಗೊತ್ತಿರೋದೇಯ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನನಗೆ ಲೋಡು ಸಿಕ್ಕಿತು. ಅವರಿಗೆ ಗಾಡಿಗಳು ಕಡಿಮೆಯಾದವು. ಅಷ್ಟು ದಿನ ಯಾರಿಗೂ ಕಾಣದ ಕಿವುಡು ಈಗ ಎಲ್ಲರಿಗೂ ಕಂಡಿತು. ‘ಪಾಪ, ಮೇಸ್ತ್ರಿಗೆ ಕೇಳಲ್ಲ, ಅವರೇ ಒಪ್ಕಂಡವ್ರೆ’ ಎಂದು ಡ್ರೈವರ್‌ಗಳು ಬೈಪಾಸಿನ ಹೊಸ ಗ್ಯಾರೇಜಿಗೆ ತಿರುಗಿದರು. ಶೆಡ್ಡಿಗೆ ಲಗ್ನಪತ್ರಿಕೆಗಳು ಬರುತ್ತಿದ್ದವು, ಇಂಜಿನ್‌ಗಳು ಬರುತ್ತಿರಲಿಲ್ಲ. ದಿನಾ ಅದೇ ಟೀ ಅಂಗಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದೆನಲ್ಲ, ‘ಪೆಟ್ರೋಲ್ ಹಾಕಿಸಿದ್ದು ನಾನು ಕಣ್ರಯ್ಯ’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಇವತ್ತು ಬೇಡ, ನಾಳೆ ಹೇಳೋಣ... ಹೀಗೇ ವರ್ಷವಾಯಿತು. ಹೇಡಿ ನಾನು, ಇನ್ನೇನು ಹೇಳಲಿ.

ಮೇಸ್ತ್ರಿ ಶೆಡ್ಡು ಮುಚ್ಚಿದರು. ಚನ್ನರಾಯಪಟ್ಟಣದಲ್ಲಿ ಮಗಳ ಮನೆಗೆ ಹೊರಟವರು ಸಾಮಾನು ಸಾಗಿಸಲು ನನ್ನ ಪಿಕಪ್ಪನ್ನೇ ಕರೆದರು. ದಾರಿಯುದ್ದಕ್ಕೂ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ ಕೂತಿದ್ದರು. “ಚೆಂದಾಗಿ ಓಡ್ತಾ ಅದೆ ಕಣ್ಲಾ” ಎಂದರು. ನನಗೆ ತಡೆಯಲಾಗಲಿಲ್ಲ. ರಸ್ತೆ ನೋಡುತ್ತಲೇ ಹೇಳಿದೆ: “ಮೇಸ್ತ್ರಿ, ನನ್ನಿಂದ ನಿಮ್ಮ ಅನ್ನ ಹೋಯ್ತು. ತಪ್ಪಾಯ್ತು, ಕ್ಷಮಿಸಿಬಿಡಿ.” ನನ್ನ ಕಡೆಗಿದ್ದದ್ದು ಅವರ ಬಲಗಿವಿ. ನನ್ನ ತುಟಿ ಆಡಿದ್ದು ಕಂಡು, “ಏನಂದೆ?” ಎಂದು ಬಗ್ಗಿದರು.

ಬೈಯುವಾಗ ಬಂದ ಗಂಟಲು ಆಗ ಬರಲಿಲ್ಲ. “ಏನಿಲ್ಲ ಮೇಸ್ತ್ರಿ, ಟೀ ಕುಡಿಯನಾ ಅಂದೆ” ಎಂದು ಕೂಗಿದೆ. ಕುಡಿದೆವು. ದುಡ್ಡನ್ನೂ ಅವರೇ ಕೊಟ್ಟರು.

ಆಮೇಲೆ ಅವರು ಬಹಳ ದಿನ ಬದುಕಲಿಲ್ಲ. ನನಗೆ ಸುದ್ದಿ ತಿಳಿಯುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ನೆಂಟರು ಬಂದುಹೋದ ಮಾರನೇ ದಿನ ಆ ಟೀ ಅಂಗಡಿಗೆ ಹೋದೆ. ಶೆಡ್ಡಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಬೆಂಚಿನ ಮೇಲೆ ಐದಾರು ಜನ ಎಳೇ ವಯಸ್ಸಿನ ಡ್ರೈವರ್‌ಗಳು ಕೂತಿದ್ದರು. ಎದ್ದು ನಿಂತು, ರಸ್ತೆಗೆ ಕೇಳುವಷ್ಟು ಜೋರಾಗಿ ಹೇಳಿದೆ. “ಅವತ್ತು ಪೆಟ್ರೋಲ್ ಹಾಕಿಸಿದ್ದು ನಾನು. ಮೇಸ್ತ್ರಿದು ಏನೂ ತಪ್ಪಿರಲಿಲ್ಲ.”

ಎಲ್ಲರೂ ನನ್ನನ್ನೇ ನೋಡಿದರು. ಒಬ್ಬ ಲೋಟ ಕೆಳಗಿಟ್ಟು ಕೇಳಿದ:

“ಯಾವ ಮೇಸ್ತ್ರಿ ಸಾ?”