ಏಳನೇ ನಂಬರಿನ ಪ್ಲಗ್ಗು

ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಮೀನಿನ ವಾಸನೆ ಬಂತು. ಮೂಡುಬಿದಿರೆಯ ಜೈನರ ಮನೆ ನಮ್ಮದು. ಮೀನಿನ ಮಾತು ಹಾಗಿರಲಿ, ನನ್ನ ಅತ್ತೆ ಇರುವವರೆಗೆ ಈರುಳ್ಳಿಯೂ ಹೊಸ್ತಿಲು ದಾಟಿದ್ದಿಲ್ಲ. ಪಕ್ಕದ ಮನೆಯವರದ್ದಿರಬೇಕು ಎಂದು ಮಗಳು ಕಿಟಕಿ ಮುಚ್ಚಲು ಹೋದಳು. ನಾನು ತುರಿಯುತ್ತಿದ್ದ ತೆಂಗಿನಕಾಯಿಯನ್ನು ಅಲ್ಲೇ ಬಿಟ್ಟು ಜಗಲಿಗೆ ಓಡಿ ಮೈನ್ ಸ್ವಿಚ್ಚು ಇಳಿಸಿದೆ. ಎಲೆಕ್ಟ್ರಿಷಿಯನ್ ಬಂದು ಫ್ರಿಜ್ಜಿನ ಹಿಂದಿನ ಸಾಕೆಟ್ಟು ಬಿಚ್ಚಿದಾಗ ಅದು ಒಳಗೆ ಕಂದಿ, ಮೆತ್ತಗಾಗಿ, ಕರಗಲು ಶುರುವಾಗಿತ್ತು.

"ಇನ್ನು ಅರ್ಧ ಗಂಟೆ ಹೋಗಿದ್ದರೆ ಕಷ್ಟ ಇತ್ತು ಅಕ್ಕ. ನಿಮಗೆ ಹೇಗೆ ಗೊತ್ತಾಯ್ತು?" ಎಂದ ಆತ.

ಹಿಂದೆ ಒಬ್ಬರು ಹೇಳಿಕೊಟ್ಟಿದ್ದರು ಎಂದೆ.

ಹೇಳಿಕೊಟ್ಟವರು ಬಿ.ಸಿ.ರೋಡ್ ಪೇಟೆಯ ಕಂಪ್ಯೂಟರ್ ರಿಪೇರಿಯವರು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಬೆಳ್ತಂಗಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೀಚರ್ ಆಗಿದ್ದೆ. ಜವಳಿ ಅಂಗಡಿಯ ಮೇಲಿನ ಮಾಳಿಗೆ. ಹತ್ತಲು ಇಳಿಯಲು ಒಂದೇ ಮರದ ಮೆಟ್ಟಿಲು. ಹತ್ತು ಕಂಪ್ಯೂಟರು, ಒಂದು ಬ್ಯಾಚಿಗೆ ಇಪ್ಪತ್ತು ಮಕ್ಕಳು. ಮುಂಡಾಜೆ, ಕಕ್ಕಿಂಜೆ ಕಡೆಯಿಂದ ಬಸ್ಸಿನಲ್ಲಿ ಬರುವ ಹುಡುಗಿಯರು ಚಪ್ಪಲಿಯನ್ನು ಕೆಳಗೇ ಬಿಟ್ಟು ಬರಿಗಾಲಲ್ಲಿ ಒಳಗೆ ಬರಬೇಕು. ಆಗ ಕಂಪ್ಯೂಟರ್ ಕೋಣೆಗೆ ಗರ್ಭಗುಡಿಯ ಮರ್ಯಾದೆ ಇತ್ತು.

ಗರ್ಭಗುಡಿ ಎಂದ ಮೇಲೆ ಪೂಜೆ ಇರದೆ ಹೇಗೆ? ಆಯುಧ ಪೂಜೆಯ ದಿನ ನಮ್ಮ ಮಾಲೀಕರು ಪ್ರತಿ ಯಂತ್ರಕ್ಕೂ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಮಾವಿನೆಲೆಯಲ್ಲಿ ಧಾರಾಳವಾಗಿ ತೀರ್ಥ ಚಿಮುಕಿಸುತ್ತಿದ್ದರು. ಮರುದಿನ ರಜೆ. ಆ ರಜೆಯಲ್ಲಿ ರಿಪೇರಿಯವರು ಕರೆಯದೆಯೇ ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ನಲವತ್ತು ದಾಟಿದ ಮನುಷ್ಯ, ಬ್ಯಾರಿ ಮುಸ್ಲಿಮರು. ಗಲ್ಫಿನಲ್ಲಿ ಕೆಲಸ ಕಲಿತು ಊರಿಗೆ ಮರಳಿ ಬಸ್ ನಿಲ್ದಾಣದ ಹತ್ತಿರ ಸಣ್ಣ ಅಂಗಡಿ ಇಟ್ಟಿದ್ದರು.

"ದೇವರಿಗೆ ಎಷ್ಟು ಬೇಕಾದರೂ ನೀರು ಹಾಕಿ ಟೀಚರ್, ನಾನು ಬೇಡ ಹೇಳುವುದಿಲ್ಲ. ಇದರ ಬೆನ್ನಿಗೆ ಮಾತ್ರ ಹಾಕಬೇಡಿ. ಬೆನ್ನಿನಲ್ಲಿ ಇದಕ್ಕೆ ಬಾಯಿ ಉಂಟು, ಕುಡೀತದೆ," ಎಂದು ನಗುತ್ತ ಒಂದೊಂದೇ ಡಬ್ಬ ಬಿಚ್ಚಿ, ಬ್ರಷ್ಷಿನಿಂದ ಕುಂಕುಮ, ಹೂವಿನ ಎಸಳು ಎಲ್ಲ ಹೊರಗೆ ತೆಗೆಯುತ್ತಿದ್ದರು.

ಅವರ ಚೀಲದಲ್ಲಿ ಒಂದು ಹಲಗೆ ಇರುತ್ತಿತ್ತು. ಹಲಗೆಯ ಮೇಲೆ ಒಂದು ನೂರು ವ್ಯಾಟಿನ ಬಲ್ಬು, ಪಕ್ಕದಲ್ಲಿ ಒಂದು ಸಾಕೆಟ್ಟು. ಬಿಚ್ಚಿ ಮುಚ್ಚಿದ ಯಂತ್ರವನ್ನು ಅವರು ನೇರ ಗೋಡೆಗೆ ಕೊಟ್ಟವರಲ್ಲ. ಮೊದಲು ಹಲಗೆಗೆ. ಕರೆಂಟು ಬಲ್ಬನ್ನು ದಾಟಿಯೇ ಯಂತ್ರಕ್ಕೆ ಹೋಗಬೇಕು. ಯಂತ್ರ ಸರಿ ಇದ್ದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗುತ್ತದೆ. ಒಳಗೆ ಎಲ್ಲೋ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತದೆ, ಯಂತ್ರ ಉಳಿಯುತ್ತದೆ. ಬೇರೆಯವರು ಮಂಕಾದದ್ದು ಕಂಡ ಕೂಡಲೇ ಪ್ಲಗ್ಗು ಕಿತ್ತು ಚಹಾಕ್ಕೆ ಹೋಗುತ್ತಿದ್ದರು. ಇವರು ಒಂದೊಂದರ ಎದುರೂ ಹತ್ತು ನಿಮಿಷ ಸ್ಟೂಲು ಹಾಕಿ ಕೂರುವವರು. ಸುಮ್ಮನೆ ಬಲ್ಬನ್ನೇ ನೋಡುತ್ತ... ನನಗೆ ನೋಡಿ ನೋಡಿ ಆಕಳಿಕೆ ಬರುತ್ತಿತ್ತು.

ಮೀನಿನ ಪಾಠ ಆದದ್ದೂ ಅಂಥ ಒಂದು ದಿನವೇ. ವೈರು, ಪ್ಲಾಸ್ಟಿಕ್ಕು ಒಳಗೊಳಗೇ ಬೇಯಲು ಶುರುವಾದರೆ ಹೊಗೆಗಿಂತ ಮೊದಲು ಮೀನಿನ ವಾಸನೆ ಬರುತ್ತದೆ ಎಂದರು. ಬೆಳ್ತಂಗಡಿಯಲ್ಲಿ ಮಧ್ಯಾಹ್ನವಾದರೆ ಎಲ್ಲ ಹೋಟೆಲಿನಿಂದಲೂ ಮೀನಿನ ವಾಸನೆಯೇ ತಾನೇ, ತಿನ್ನದ ನನಗೆ ವ್ಯತ್ಯಾಸ ಹೇಗೆ ತಿಳಿಯಬೇಕು ಎಂದು ಕೇಳಿದೆ.

"ತಿನ್ನುವವರನ್ನು ಕೇಳಿ. ಬಂಗುಡೆಯಾ, ಬೂತಾಯಿಯಾ ಅಂತ ಅವರಿಗೂ ಹೇಳಲಿಕ್ಕೆ ಆಗದಿದ್ದರೆ ಅದು ಮೀನಲ್ಲ. ಮತ್ತೆ ಯೋಚನೆ ಮಾಡುತ್ತ ನಿಲ್ಲಬೇಡಿ, ಮೈನ್ ಇಳಿಸಿ," ಎಂದರು.

ಆ ವರ್ಷದ ಪೂಜೆಯ ಮರುದಿನ ಒಂಬತ್ತು ಯಂತ್ರಗಳು ಪಾಸಾದವು. ಏಳನೇ ನಂಬರಿನದ್ದು ಮಾತ್ರ ಆಟ ಆಡಿತು. ಬಲ್ಬು ಮಿನುಗಿತು, ಮಂಕಾಯಿತು. ಸರಿ ಇದೆಯಲ್ಲ ಎಂದೆ. ರಿಪೇರಿಯವರು ಕೈಯೆತ್ತಿ ತಡೆದರು. ಐದಾರು ನಿಮಿಷದ ಮೇಲೆ ಬಲ್ಬಿನ ತಂತಿ ಮೆಲ್ಲಗೆ ಕೆಂಪಾಯಿತು. ಮತ್ತೆ ಹಳದಿಯಾಯಿತು. ನಾವಿಬ್ಬರೂ ನೋಡುತ್ತಿದ್ದ ಹಾಗೆಯೇ, ಯಾರೂ ಏನೂ ಮುಟ್ಟದೆ, ಅದು ಏರುತ್ತ ಏರುತ್ತ ಹೋಯಿತು.

"ಇದು ಮೋಸದ್ದು ಟೀಚರ್. ಹಾಕಿದ ಕೂಡಲೇ ಓಡ್ತದೆ, ಬಿಸಿ ಆದ ಮೇಲೆ ಬುದ್ಧಿ ತೋರಿಸ್ತದೆ. ಶನಿವಾರ ಬೇರೆ ಪವರ್ ಸಪ್ಲೈ ತರ್ತೇನೆ. ಅಲ್ಲಿವರೆಗೆ ಏಳು ನಮ್ಮ ಪಾಲಿಗೆ ಇಲ್ಲ." ಪ್ಲಗ್ಗು ಕಿತ್ತು, ವೈರನ್ನು ಸುರುಳಿ ಸುತ್ತಿ ಮೇಜಿನ ಕೆಳಗಿಟ್ಟರು. ನಾನು ತಲೆಯಾಡಿಸಿದೆ.

ರಜೆ ಮುಗಿದ ಮರುದಿನ, ಪರೀಕ್ಷೆಗೆ ಕೂರುವ ಮಕ್ಕಳ ಪಟ್ಟಿ ಮೂರು ಗಂಟೆಯ ಅಂಚೆಗೆ ಹೋಗಬೇಕಿತ್ತು. ಪಟ್ಟಿ ಇದ್ದದ್ದು ಏಳರಲ್ಲಿ. ಅದು ಮಾಲೀಕರಿಗೂ ಗೊತ್ತಿರಲಿಲ್ಲ. ಬೇರೆ ಕಡೆ ಒಂದು ಪ್ರತಿ ಇಟ್ಟುಕೊಳ್ಳದ ನನ್ನ ಸೋಮಾರಿತನ. ಮಕ್ಕಳು ಯಂತ್ರಗಳನ್ನು ಹಾಗೇ ಬಿಟ್ಟು ಊಟಕ್ಕೆ ಇಳಿದ ಮೇಲೆ ನಾನೊಬ್ಬಳೇ ಉಳಿದೆ. ಐದು ನಿಮಿಷದ ಕೆಲಸ, ಬಿಸಿಯಾಗುವ ಮೊದಲೇ ತೆಗೆದುಬಿಟ್ಟರಾಯಿತು ಎಂದುಕೊಂಡು ಸುರುಳಿ ಬಿಚ್ಚಿ ಪ್ಲಗ್ಗು ಹಾಕಿದೆ. ಅವರು ಹೇಳಿದ ಹಾಗೆಯೇ ಅದು ಚೆನ್ನಾಗಿ ಓಡಿತು. ಫ್ಲಾಪಿಗೆ ಪಟ್ಟಿ ಅರ್ಧ ಇಳಿಯುವಾಗ ಕರೆಂಟು ಹೋಯಿತು. ಸ್ವಲ್ಪ ಕಾದೆ. ಬರಲಿಲ್ಲ. ಬಂದ ಮೇಲೆ ಮುಗಿಸುವ ಎಂದು ಸ್ವಿಚ್ಚನ್ನು ಹಾಗೆಯೇ ಬಿಟ್ಟು, ಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಆಗಿನ ಕಂಪ್ಯೂಟರುಗಳಿಗೆ ಒತ್ತಿದರೆ ಒಳಗೇ ಕೂರುವ ಸ್ವಿಚ್ಚು. ಕರೆಂಟು ಮರಳಿದರೆ ತಾನಾಗಿ ಎದ್ದು ಕೂರುತ್ತಿದ್ದವು.

ಬಾಡಿಗೆ ಮನೆಯಲ್ಲಿ ಊಟದ ನಡುವೆ ಫ್ಯಾನು ತಿರುಗತೊಡಗಿತು. ಸದ್ಯ, ಬಂತಲ್ಲ ಎಂದು ಖುಷಿಯಾಗಿ ಇನ್ನೊಂದು ಸೌಟು ಮಜ್ಜಿಗೆ ಹಾಕಿಕೊಂಡೆ. ಆ ಮಜ್ಜಿಗೆಯನ್ನು ನೆನೆದರೆ ನನಗೆ ಇವತ್ತಿಗೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮರಳಿ ಬಂದಾಗ ಜವಳಿ ಅಂಗಡಿಯ ಬಾಗಿಲಲ್ಲೇ ಮೀನಿನ ವಾಸನೆ ಅಡರಿತು. ಯಾವತ್ತಿನ ಅಭ್ಯಾಸದಂತೆ ಸೆರಗು ಮೂಗಿಗೆ ಹೋಯಿತು. ಅಂಗಡಿಯವರು ನಕ್ಕರು.

"ಹೋಟೆಲಿನವರು ಇವತ್ತು ಎಂತದೋ ಮೀನು ಕರಟಿಸಿದ್ದಾರೆ ಟೀಚರ್. ಎಂತ ಮೀನು ಅಂತಲೇ ಗೊತ್ತಾಗುವುದಿಲ್ಲ ಮಾರಾಯ್ರೆ!"

ನಾನೂ ನಕ್ಕೆ. ನಕ್ಕು, ಹೊಸದಾಗಿ ಬಂದಿದ್ದ ಸೀರೆ ನೋಡುತ್ತ ಅಲ್ಲೇ ಹತ್ತು ನಿಮಿಷ ನಿಂತೆ. ಕಿವಿಗೆ ಬಿದ್ದ ಮಾತು ತಲೆಗೆ ಹೋಗಲೇ ಇಲ್ಲ. ಮೊದಲು ಮೆಟ್ಟಿಲು ಹತ್ತಿದ ಒಬ್ಬ ಹುಡುಗಿ, "ಟೀಚರ್, ಬಾಗಿಲಿನ ಅಡಿಯಿಂದ ಹೊಗೆ!" ಎಂದು ಕೂಗಿದಾಗಲೇ ನನಗೆ ಎಲ್ಲವೂ ಒಟ್ಟಿಗೆ ತಿಳಿದದ್ದು.

ಅಂಗಡಿಯವರು ಮೈನ್ ಇಳಿಸಿದರು. ಜನ ಸೇರಿ ಕೊಡಪಾನದಲ್ಲಿ ನೀರು, ಮರಳು ಹೊತ್ತು ಬೆಂಕಿ ಆರಿಸಿದರು. ಆರು, ಏಳು, ಎಂಟು ಇದ್ದ ಮೇಜು ಮುರಿದುಬಿದ್ದು ಮೂರೂ ಒಂದೇ ಕಪ್ಪು ಮುದ್ದೆಯಾಗಿದ್ದವು. ಯಾರಿಗೂ ಏನೂ ಆಗಲಿಲ್ಲ. ಕರೆಂಟು ಅರ್ಧ ಗಂಟೆ ತಡವಾಗಿ ಬಂದಿದ್ದರೆ ಒಳಗೆ ಇಪ್ಪತ್ತು ಮಕ್ಕಳು, ಹೊರಗೆ ಆ ಒಂದೇ ಮರದ ಮೆಟ್ಟಿಲು... ಅದನ್ನು ನಾನು ಮುಂದೆ ಯೋಚಿಸಲಾರೆ.

ಜನ ಇನ್ನಷ್ಟು ನೀರು ತರಲು ಇಳಿದಾಗ ನಾನು ಹೊಗೆಯೊಳಗೆ ಹೋಗಿ, ಏಳರ ಪ್ಲಗ್ಗನ್ನು ಗೋಡೆಯಿಂದ ಕಿತ್ತು ನೆಲಕ್ಕೆ ಎಸೆದೆ. ಕೈ ಸುಟ್ಟಿತು. ಬೆಂಕಿ ಆರಿಸುವಾಗ ಸುಟ್ಟದ್ದು ಎಂದು ಎಲ್ಲರೂ ಕನಿಕರಿಸಿದರು.

ಸುದ್ದಿ ಕೇಳಿ ಸಂಜೆ ರಿಪೇರಿಯವರು ಬಂದರು. ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ. ನೆಲದ ಮೇಲಿದ್ದ ಪ್ಲಗ್ಗು ನೋಡಿದರು, ನನ್ನನ್ನು ನೋಡಿದರು.

"ಟೀಚರ್, ಏಳನ್ನು ಯಾರಾದರೂ ಹಾಕಿದ್ರಾ?"

ಪಕ್ಕದಲ್ಲಿ ಮಾಲೀಕರು ನಿಂತಿದ್ದರು. "ಇಲ್ಲ," ಎಂದೆ.

ಅವರು ಎರಡನೇ ಸಲ ಕೇಳಲಿಲ್ಲ. "ಹಾಗಾದರೆ ಆರು, ಇಲ್ಲ ಎಂಟು. ಎರಡನ್ನೂ ಒಳ್ಳೇದುಂಟು ಹೇಳಿದ್ದು ನಾನೇ," ಎಂದು ಮೆಟ್ಟಿಲು ಇಳಿದುಹೋದರು.

ನಿನ್ನೆ ಬಿಚ್ಚಿದ, ಇವತ್ತು ಸುಟ್ಟಿತು ಎಂದು ಮಾಲೀಕರು ಊರಿಗೆಲ್ಲ ಹೇಳಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೆಳ್ತಂಗಡಿಯ ಶಾಲೆಗಳಲ್ಲಿ, ಕಚೇರಿಗಳಲ್ಲಿ ಅವರನ್ನು ಕರೆಯುವುದು ನಿಂತಿತು. ಒಂದೆರಡು ವರ್ಷದ ಮೇಲೆ ಬಸ್ಸಿನ ಕಿಟಕಿಯಿಂದ ಕಂಡೆ: ಬಿ.ಸಿ.ರೋಡಿನಲ್ಲಿ ಕೊಡೆ ಮಾರುವ ಅಂಗಡಿಯೊಂದರ ಎದುರು ಸ್ಟೂಲಿನ ಮೇಲೆ ಕೂತಿದ್ದರು. ಕುಂಬಳಕಾಯಿ ಕಳ್ಳಿಯ ಹಾಗೆ ನಾನು ಆಚೆ ಸೀಟಿಗೆ ಸರಿದು ಕೂತೆ. ಮತ್ತೆ ಮದುವೆ, ಮಗಳು, ಮನೆ... ಹೇಳಬೇಕು, ಮುಂದಿನ ಸಲ ಹೇಳುವ ಎಂದುಕೊಂಡೇ ಕಾಲ ಕಳೆಯಿತು.

ಅಡುಗೆಮನೆಯಲ್ಲಿ ಆ ವಾಸನೆ ಬಂದ ವಾರವೇ ಹೊರಟೆ. ಕೊಡೆ ಅಂಗಡಿಯಲ್ಲಿ ಕೇಳಿದರೆ ರಿಪೇರಿಯವರು ತೀರಿಕೊಂಡು ಐದಾರು ವರ್ಷವಾಯಿತು ಎಂದರು. ಮನೆಯ ದಾರಿ ಹೇಳಿದರು. ಅವರ ಹೆಂಡತಿ ಬಾಗಿಲಲ್ಲೇ ಗುರುತು, ಊರು ಕೇಳಿ, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಒಳಗೆ ಕರೆದು ಕೂರಿಸಿದರು.

"ಬೆಳ್ತಂಗಡಿಯ ಟೀಚರಾ ನೀವು? ನಿಮ್ಮ ಬಗ್ಗೆ ಹೇಳ್ತಿದ್ದರು ಇವರು. ಹೇಳಿದ ಹಾಗೆ ಕೇಳುವ ಟೀಚರ್ ಅಂತ."

ಅವರು ಚಹಾ ತಂದಿಟ್ಟು ತಾವಾಗಿಯೇ ಮಾತು ಮುಂದುವರಿಸಿದರು. "ಆ ಬೆಂಕಿ ಆದ ಮೇಲೆ ಇವರು ಬಲ್ಬಿನ ಹಲಗೆ ಮುಟ್ಟಲಿಲ್ಲ. ಹಿಂದಿನ ದಿನ ಸಂಜೆ ಅಸರ್ ನಮಾಜಿಗೆ ಹೊತ್ತಾಯ್ತು, ಎಂಟನ್ನು ಅರ್ಧದಲ್ಲಿ ಬಿಟ್ಟು ಎದ್ದೆನೋ ಏನೋ, ನೆನಪೇ ಆಗುವುದಿಲ್ಲ ಅಂತ ಹೇಳಿ ಹೇಳಿ ಕೂರ್ತಿದ್ದರು. ಮಕ್ಕಳು ಒಳಗೆ ಇದ್ದಿದ್ದರೆ ಅಂತ. ಕಡೆಗೆ ಹುಷಾರಿಲ್ಲದೆ ಮಲಗಿದಾಗಲೂ ಅದೇ ಮಾತು."

ಎಂಟನ್ನು ಅವರು ಅರ್ಧದಲ್ಲಿ ಬಿಟ್ಟಿರಲಿಲ್ಲ. ನಮಾಜಿಗೆ ಎದ್ದು ಹೋಗುವಾಗ ಪ್ಲಗ್ಗು ಕಿತ್ತು, ಮರಳಿ ಬಂದು ಮೊದಲಿನಿಂದ ಮತ್ತೆ ಹತ್ತು ನಿಮಿಷ ಕೂತಿದ್ದರು. ನಾನು ಆಕಳಿಸುತ್ತ ಗಡಿಯಾರ ನೋಡಿದ್ದೆ. ಅದು ನನಗೆ ಚೆನ್ನಾಗಿ ನೆನಪಿತ್ತು. ಈ ಲೋಕದಲ್ಲಿ ನನಗೊಬ್ಬಳಿಗೇ ನೆನಪಿತ್ತು.

ಅದನ್ನು ಹೇಳಿದೆ. ಏಳರ ಪ್ಲಗ್ಗು ಹಾಕಿದ್ದು ನಾನು ಎಂಬುದನ್ನೂ, ಇಲ್ಲ ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ, ಅಳಲೂ ಇಲ್ಲ. ನನ್ನ ಎದುರಿನ ತಣ್ಣಗಾದ ಚಹಾದ ಲೋಟವನ್ನು ತಮ್ಮ ಕಡೆಗೆ ಸರಿಸಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

"ಇಷ್ಟು ವರ್ಷ ಮೂಡುಬಿದಿರೆಯಿಂದ ಇಲ್ಲಿಗೆ ಬಸ್ಸು ಇರಲಿಲ್ಲವಾ ಟೀಚರ್?"